ಬಲಗಡೆಯ ಮಡ್‌ಗಾರ್ಡ್

ಸ್ಕ್ರೂಡ್ರೈವರಿನ ತುದಿಯಿಂದ ಸುಮ್ಮನೆ ಕೆರೆದಿದ್ದೆ, ಅಷ್ಟೇ. ಕಾರಿನ ಬಲಗಡೆಯ ಮಡ್‌ಗಾರ್ಡ್ ಒಂದು ಕಡೆ ಒಣಗಿದ ಎಲೆಯ ಹಾಗೆ ಪುಡಿಯಾಗಿ ನನ್ನ ಪಾದದ ಮೇಲೆ ಉದುರಿತು. ಅಲ್ಲಿ ಬಣ್ಣದ ಕೆಳಗೆ ತಗಡೇ ಇರಲಿಲ್ಲ, ಬರೀ ತುಕ್ಕು. ತೂತಿನೊಳಗೆ ಕೈ ಹಾಕಿದೆ, ಟೈರು ಸಿಕ್ಕಿತು.

"ಮುಗೀತು ಕಥೆ," ಅಂದ ಅಣ್ಣ.

ನಮ್ಮೂರಲ್ಲಿ ಹಳೆಯ ಗಾಡಿಗಳನ್ನೆಲ್ಲ ಗುಜರಿಗೆ ಹಾಕಬೇಕೆಂದು ಆದೇಶ ಬಂದಿತ್ತು. ಶೆಡ್ಡಿನಲ್ಲಿ ನಿಲ್ಲಿಸಿಟ್ಟರೂ ಬಿಡುವುದಿಲ್ಲ. ಪೂರ್ತಿ ಲೋಹದ ಮೈ ಇದ್ದು, ಎಲ್ಲೂ ತೂತಿಲ್ಲದ ಗಾಡಿಗೆ ಮಾತ್ರ ವಿನಾಯಿತಿ. ತಪಾಸಣೆಯವರು ಆಯಸ್ಕಾಂತ ಹಿಡಿದುಕೊಂಡು ಮನೆಗೇ ಬರುತ್ತಾರೆ. ನಮ್ಮ ಸರದಿ ಆ ವಾರದ ಕೊನೆಗೆ.

ಕಾರು ಹೋದರೆ ಹೋಗಲಿ ಅನ್ನಬಹುದಿತ್ತು, ಅಪ್ಪ ಇಲ್ಲದಿದ್ದರೆ. ಜೀವನವಿಡೀ ಆ ಕಾರನ್ನೇ ಟ್ಯಾಕ್ಸಿಯಾಗಿ ಓಡಿಸಿದ ಅಪ್ಪನಿಗೆ ಲಕ್ವ ಹೊಡೆದ ಮೇಲೆ ಮಾತು ನಿಂತುಹೋಗಿದೆ. ಅಮ್ಮ ಎದುರಿಗೆ ಕೂತರೂ ಗೋಡೆ ನೋಡಿದ ಹಾಗೆ ನೋಡುತ್ತಾರೆ. ಆದರೆ ಸಂಜೆ ಶೆಡ್ಡಿಗೆ ನಡೆಸಿಕೊಂಡು ಬಂದರೆ ಸಾಕು, ಬಲ ಮಡ್‌ಗಾರ್ಡಿನ ಮೇಲೆ ಬೆರಳಿನ ಗೆಣ್ಣಿನಿಂದ ಟಣ್ ಟಣ್ ಎಂದು ಬಡಿದು, ತಾವೇ ಬಾಗಿಲು ತೆಗೆದು ಸ್ಟೇರಿಂಗ್ ಮುಂದೆ ಕೂರುತ್ತಾರೆ. ಕೂತ ಮೇಲೆ ಮಾತು ಬರುತ್ತದೆ. "ಬಾಗಿಲು ಸರಿಯಾಗಿ ಹಾಕ್ಕೊಂಡ್ಯಾ ಗುಬ್ಬಿ?" ಎಂದು ನನ್ನನ್ನು ಕೇಳುತ್ತಾರೆ. ಹಿಂದಿನ ಸೀಟಿನಲ್ಲಿ ಕೂತ ಅಮ್ಮನ ಜೊತೆ ಜಗಳವನ್ನೂ ಆಡುತ್ತಾರೆ. ಡಾಕ್ಟರನ್ನು ಕೇಳಿದೆವು, ಅವರು ಭುಜ ಕುಣಿಸಿದರು. ಇಳಿದರೆ ಮತ್ತೆ ಗೋಡೆ.

"ನಂಗೆ ಗಂಡ ಅಂತ ಸಿಗೋದು ಆ ಹಿಂದಿನ ಸೀಟಲ್ಲಿ ಮಾತ್ರ ಕಣ್ರೋ," ಅಂದಳು ಅಮ್ಮ. "ಏನಾದ್ರೂ ಮಾಡಿ."

ಅಮ್ಮನ ತಮ್ಮ, ನಮ್ಮ ಮಾವ, ಟಿಂಕರಿಂಗ್ ಕೆಲಸದವನು. ಬಂದವನೇ ತೂತಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿದ. ಅದೂ ಉದುರಿತು.

"ವೆಲ್ಡಿಂಗ್ ನಿಲ್ಲಲ್ಲ. ಬೆಂಕಿ ತೋರಿಸಿದ್ರೆ ಇರೋದೂ ಸುಟ್ಟು ಹೋಗತ್ತೆ. ಈ ಕಾರಿಂದು ರೆಡಿ ಪ್ಯಾನೆಲ್ ಯಾರೂ ಮಾಡಲ್ಲ ಈಗ. ಹೊಸಾ ತಗಡು ತಂದು ಕೈಯಲ್ಲೇ ಬಡೀಬೇಕು."

"ಎಷ್ಟು ದಿನ ಮಾವ?"

"ತಿಂಗಳು ಹಿಡಿಯತ್ತೆ. ಈ ಉಬ್ಬು ನೋಡು, ಹೆಡ್‌ಲೈಟ್ ಹತ್ರ ಹೆಂಗೆ ತಿರುಗಿದೆ. ಆತುರ ಮಾಡಿದ್ರೆ ಸೀಳತ್ತೆ."

"ಫೈಬರ್‌ನಲ್ಲಾದ್ರೆ ಎರಡೇ ದಿನ," ಅಂದ ಅಣ್ಣ. ಅವನು ಫೈಬರ್ ನೀರಿನ ಟ್ಯಾಂಕು ಮಾಡುವ ಕಡೆ ಕೆಲಸಕ್ಕಿದ್ದಾನೆ. "ಹಳೇದಕ್ಕೇ ಮಣ್ಣು ಮೆತ್ತಿ ಅಚ್ಚು ತೆಗೀತೀನಿ. ಹಗುರ ಇರತ್ತೆ, ತುಕ್ಕೂ ಹಿಡಿಯಲ್ಲ."

"ನಿಮ್ಮಪ್ಪನ ಕಾರಿಗೆ ನೀರಿನ ಟ್ಯಾಂಕ್ ಸಿಗಿಸ್ತೀಯೇನೋ? ಹಂಗೇ ಒಂದು ನಲ್ಲೀನೂ ಇಡು, ಕೈ ತೊಳೆಯೋಕಾಗತ್ತೆ."

"ನೀನು ಬಡೀತಾ ಕೂತ್ಕೋ ಮಾವ. ನಿನ್ನ ತಗಡು ರೆಡಿ ಆಗೋ ಹೊತ್ತಿಗೆ ಕಾರು ಕರಗಿಸಿ ಬಕೆಟ್ ಮಾಡಿರ್ತಾರೆ."

ನನಗೆ ಸ್ಟೀಲೇ ಬೇಕಿತ್ತು. ಹಳೆಯ ಕಾರುಗಳ ಹುಚ್ಚು ನನಗೆ ಚಿಕ್ಕಂದಿನಿಂದಲೂ ಇದೆ. ಫೈಬರ್ ಏಟು ತಿಂದರೆ ಬಿರಿಯುತ್ತದೆ. ಸ್ಟೀಲು ನೆಗ್ಗುತ್ತದೆ, ನೆಗ್ಗಿದ್ದನ್ನು ಬಡಿದು ಎತ್ತಬಹುದು. ಆದರೆ ತಿಂಗಳು ಎಲ್ಲಿಂದ ತರುವುದು? ಇನ್ನೂ ಸಮಯ ಬೇಕೆಂದು ತಪಾಸಣೆ ಕಚೇರಿಯ ಬಾಗಿಲು ಬಡಿದು ಬಂದೆ. ಎಲ್ಲ ಗಾಡಿಗೂ ಒಂದೇ ಕಾನೂನು ಅಂದರು.

"ಫೈಬರ್‌ಗೆ ಆಯಸ್ಕಾಂತ ಹಿಡಿಯಲ್ವಲ್ಲೋ," ಅಂದೆ.

ಅಣ್ಣ ದನಿ ತಗ್ಗಿಸಿದ. "ಹಿಡಿಯೋ ಹಂಗೆ ಮಾಡಿದ್ರೆ? ಲೇತ್ ಅಂಗಡೀಲಿ ಕಬ್ಬಿಣದ ಪುಡಿ ರಾಶಿ ಬಿದ್ದಿರತ್ತೆ. ಫೈಬರ್ ಅಂಟಿಸೋ ರೆಸಿನ್‌ಗೆ ಕಲಸ್ತೀನಿ."

ಮಾವ ಸುತ್ತಿಗೆ ಕೆಳಗಿಟ್ಟು ನಮ್ಮಿಬ್ಬರ ಮುಖ ನೋಡಿದ. ಬೈಯುತ್ತಾನೆ ಅಂದುಕೊಂಡೆ. ಅವನು ತನ್ನ ಅಕ್ಕನ ಕಡೆ ತಿರುಗಿದ. ಅಮ್ಮ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅವನು ಸುತ್ತಿಗೆಯನ್ನು ಚೀಲಕ್ಕೆ ಹಾಕಿದ.

ಆ ದಿನಗಳಲ್ಲಿ ಅಪ್ಪನನ್ನು ಶೆಡ್ಡಿಗೆ ಬಿಡಲಿಲ್ಲ. ರೆಸಿನ್ನಿನ ಘಾಟಿಗೆ ನಮ್ಮ ಕಣ್ಣುಗಳೇ ಉರಿಯುತ್ತಿದ್ದವು. ಸಂಜೆಯಾದರೆ ಅಪ್ಪ ಎದ್ದು ಹಿತ್ತಲ ಬಾಗಿಲ ಚಿಲಕದ ಮೇಲೆ ಕೈ ಇಟ್ಟು ನಿಲ್ಲುತ್ತಿದ್ದರು. ಅಮ್ಮ ಆ ಕೈ ಬಿಡಿಸಿ ಕರೆದುಕೊಂಡು ಹೋಗುತ್ತಿದ್ದಳು. ನಾನು ಆ ಕಡೆ ನೋಡದೆ ಮರಳು ಕಾಗದ ಉಜ್ಜುತ್ತಿದ್ದೆ.

ಮಡ್‌ಗಾರ್ಡ್ ಮಾತ್ರ ಚೆನ್ನಾಗಿಯೇ ಬಂತು. ಕಪ್ಪು ಬಣ್ಣ ಹೊಡೆದ ಮೇಲೆ ಎಡ ಬಲಗಳಲ್ಲಿ ಯಾವುದು ಹಳೆಯದು, ಯಾವುದು ಹೊಸದು ಎಂದು ನನಗೇ ತಿಳಿಯಲಿಲ್ಲ. ಅಣ್ಣ ಆಯಸ್ಕಾಂತ ಹಿಡಿದ. ಟಪ್ ಎಂದು ಅಂಟಿತು. ಎಷ್ಟೋ ದಿನದ ಮೇಲೆ ಅಮ್ಮ ನಕ್ಕಳು.

ತಪಾಸಣೆಯವರು ಬೆಳಿಗ್ಗೆಯೇ ಬಂದರು. ನಡುವಯಸ್ಸಿನ ಸಮಾಧಾನದ ಮನುಷ್ಯ. ಬಾಗಿಲು, ಬಾನೆಟ್ಟು, ಎಡ ಮಡ್‌ಗಾರ್ಡ್, ಕೊನೆಗೆ ಬಲ. ಟಪ್. ನನ್ನ ಜೀವ ಬಾಯಿಗೆ ಬಂದು ಹಿಂದಕ್ಕೆ ಹೋಯಿತು.

"ಚೆನ್ನಾಗಿ ಇಟ್ಕೊಂಡಿದೀರಿ. ಯಜಮಾನರನ್ನ ಕರೀರಿ, ಅವರೆದುರಿಗೇ ಸಹಿ ಹಾಕ್ಬೇಕು."

ಅಮ್ಮ ಅಪ್ಪನನ್ನು ನಡೆಸಿಕೊಂಡು ಬಂದಳು. ಕಾರು ಕಂಡದ್ದೇ ಅಪ್ಪನ ನಡಿಗೆ ಚುರುಕಾಯಿತು. ಕಾರಿನ ಮೂತಿ ಸುತ್ತಿ ಬಂದರು. ಗೆಣ್ಣು ಮಡಚಿ ಬಲ ಮಡ್‌ಗಾರ್ಡಿನ ಮೇಲೆ ಬಡಿದರು.

ಡಬ್ ಡಬ್.

ಆಗ ಹೊಳೆಯಿತು ನನಗೆ. ಅಷ್ಟೂ ದಿನ ಆಯಸ್ಕಾಂತದ್ದೊಂದೇ ಚಿಂತೆ ಮಾಡಿದ್ದೆವು. ಅಪ್ಪನ ಕಿವಿ ನಮ್ಮಲ್ಲಿ ಯಾರಿಗೂ ನೆನಪಾಗಿರಲಿಲ್ಲ.

ಅಪ್ಪ ಇನ್ನೊಮ್ಮೆ ಬಡಿದರು. ಕೈ ಹಿಂದಕ್ಕೆಳೆದುಕೊಂಡರು. ಲಕ್ವ ಹೊಡೆದ ಮೇಲೆ ಕಾರಿನ ಹೊರಗೆ ನಿಂತು ಅವರು ಬಾಯಿ ಬಿಟ್ಟದ್ದು ಅದೇ ಮೊದಲು.

"ಇದು ನನ್ ಗಾಡಿ ಅಲ್ಲ."

"ನಿಮ್ದೇ ರೀ," ಅಂದಳು ಅಮ್ಮ. "ಹತ್ತಿ ನೋಡಿ. ಹಿಂದೆ ನಾನೂ ಕೂರ್ತೀನಿ."

"ನನ್ ಗಾಡಿ ಅಲ್ಲ." ಅಪ್ಪ ಮನೆಯ ಕಡೆ ತಿರುಗಿದರು.

ತಪಾಸಣೆಯವರು ಬಗ್ಗಿ ತಾವೂ ಬಡಿದು ನೋಡಿದರು. ಡಬ್. ಪೆನ್ನಿನ ಮುಚ್ಚಳ ಹಾಕಿದರು. "ಗೊತ್ತಾಗ್ದೇ ಇದ್ದಿದ್ರೆ ಸಹಿ ಹಾಕಿ ಹೋಗ್ತಿದ್ದೆ. ಈಗ ಗೊತ್ತಾಗ್ಹೋಯ್ತಲ್ಲಮ್ಮ. ಸೋಮವಾರ ಲಾರಿ ಬರತ್ತೆ."

"ಸರ್, ಅಷ್ಟರೊಳಗೆ ಸ್ಟೀಲಿಂದು ಹಾಕಿದ್ರೆ?" ಎಂದು ಕೇಳಿದೆ.

"ಲಾರಿಗೆ ಮುಂಚೆ ಹಾಕಿ ತೋರಿಸಿದ್ರೆ ಸಹಿ ಹಾಕ್ತೀನಿ. ನನ್ ಕೈಲಿರೋದು ಅಷ್ಟೇ."

ಅವರು ಗೇಟು ದಾಟುವ ಮೊದಲೇ ನಾನು ಸ್ಪ್ಯಾನರ್ ಹಿಡಿದಿದ್ದೆ. ಅಣ್ಣ ಇನ್ನೊಂದು ಕಡೆಯ ಬೋಲ್ಟಿಗೆ ಕೈ ಹಾಕಿದ. ಹೊಸದನ್ನು ಕಿತ್ತು ಗೋಡೆಗೊರಗಿಸಿ, ಮೂಲೆಯಲ್ಲಿದ್ದ ತೂತು ಬಿದ್ದ ಹಳೆಯದನ್ನು ತಂದು ಕೈಯಲ್ಲೇ ಕಾರಿಗೆ ಒತ್ತಿ ಹಿಡಿದೆವು. ಅಮ್ಮ ಅಪ್ಪನ ತೋಳು ಹಿಡಿದು ವಾಪಸ್ಸು ಕರೆತಂದಳು. ಇನ್ನು ಇದಕ್ಕೂ ಅಪ್ಪ ಒಪ್ಪದಿದ್ದರೆ?

ಟಣ್ ಟಣ್. ತುಕ್ಕು ಉದುರಿತು.

ಅಪ್ಪ ಬಾಗಿಲು ತೆಗೆದು ಕೂತರು. ಅಮ್ಮ ಹಿಂದಿನ ಸೀಟಿಗೆ ಹತ್ತಿ ಮುಖ ಮುಚ್ಚಿಕೊಂಡಳು.

ಮಾವ ಅಷ್ಟರಲ್ಲಿ ಶೆಡ್ಡಿನ ಹೊರಗೆ ಹೊಸ ತಗಡು ಹಾಸಿ ಗೆರೆ ಎಳೆಯುತ್ತಿದ್ದ.

"ತಿಂಗಳು ಹಿಡಿಯತ್ತೆ ಅಂದಿದ್ಯಲ್ಲ," ಅಂದ ಅಣ್ಣ.

"ಹಿಡಿಯತ್ತೆ," ಅಂದ ಮಾವ. ಸುತ್ತಿಗೆ ಎತ್ತಿಕೊಂಡ. "ಆ ತುದಿ ಗಟ್ಟಿಯಾಗಿ ಹಿಡ್ಕೋ."

ಅಣ್ಣ ಓಡಿದ. ಹಳೆಯ ಮಡ್‌ಗಾರ್ಡಿಗೆ ಒಂದೇ ಬೋಲ್ಟು ಬಿಗಿದು, ನಾನು ಅಪ್ಪನ ಪಕ್ಕ ಹತ್ತಿ ಕೂತೆ. ಸುತ್ತಿಗೆಯ ಏಟು ಶುರುವಾಯಿತು. ಒಂದೊಂದು ಏಟಿಗೂ ಅಪ್ಪನ ತಲೆ ಸಣ್ಣಗೆ ಅಲ್ಲಾಡುತ್ತಿತ್ತು, ಸರಿ ಸರಿ ಅನ್ನುವ ಹಾಗೆ.

"ಎಲ್ಲಿಗೆ ಹೋಗ್ಬೇಕು ಗುಬ್ಬಿ?"

"ದೂರ ಅಪ್ಪ. ಸೋಮವಾರ ದಾಟಿ ಆಚೆಗೆ."

"ಬಾಗಿಲು ಸರಿಯಾಗಿ ಹಾಕ್ಕೋ ಹಂಗಾದ್ರೆ," ಅಂದರು ಅಪ್ಪ.

ನಾನು ಬಾಗಿಲು ತೆಗೆದು, ಮತ್ತೆ ಎಳೆದು ಹಾಕಿಕೊಂಡೆ.