ಗೇಣು ಮೇಲೆ ನಾಲ್ಕು ಬೆರಳು

ನಾನು ಹೊಸಕಟ್ಟಿಯ ಕ್ರೈಸ್ತ ದೇವಾಲಯದ ಪ್ರಸಂಗಪೀಠ. ಜಂಬ ಎಂದರೂ ಎನ್ನಿ, ಇದ್ದದ್ದನ್ನೇ ಹೇಳುತ್ತೇನೆ: ಗದಗಿನ ಸುತ್ತಮುತ್ತ ಯಾವ ಸಭೆಯಲ್ಲೂ ನನ್ನಂಥ ಪೀಠವಿಲ್ಲ. ಭಾನುವಾರದ ಆರಾಧನೆಯಲ್ಲಿ ಸಭಾಪಾಲಕರು ನನ್ನ ಹಿಂದೆ ನಿಂತು ದೇವರ ವಾಕ್ಯ ಬೋಧಿಸುತ್ತಾರೆ, ಅದೇ ಪ್ರಸಂಗ, ಊರಿನ ನೇಕಾರ ಮಂದಿ ಬೆಂಚಿನ ಮೇಲೆ ಕೂತು ಕೇಳುತ್ತಾರೆ. ನೂರು ವರ್ಷ ದಾಟಿತು, ನಾನು ಒಂದು ಭಾನುವಾರವೂ ರಜೆ ಹಾಕಿದ್ದಿಲ್ಲ.

ನನ್ನನ್ನು ಮಾಡಿದವನು ಯೋನಪ್ಪ ಬಡಿಗೇರ. ಆಗಿನ ಸಭಾಪಾಲಕರು ಜರ್ಮನಿಯಿಂದ ಬಂದ ದೊರೆ. ಬಾಗಿಲು ದಾಟುವಾಗ ತಲೆ ಬಗ್ಗಿಸಲೇಬೇಕು, ಅಷ್ಟು ಎತ್ತರ. ಯೋನಪ್ಪ ಅವರನ್ನು ನಿಲ್ಲಿಸಿ, ನೆಲದಿಂದ ಎದೆಯ ತನಕ ದಾರ ಹಿಡಿದು ಗಂಟು ಹಾಕಿದ. ಅದೇ ನನ್ನ ಎತ್ತರವಾಯಿತು. ಒಳ್ಳೆಯ ಸಾಗುವಾನಿ ಮರ, ಒಂದೂ ಮೊಳೆಯಿಲ್ಲ, ಎಲ್ಲ ಮರಕ್ಕೆ ಮರ ಬೆಸೆದ ಕೂಡುಗೆಯ ಕೆಲಸ. ಎದುರಿಗೆ ದ್ರಾಕ್ಷಿಬಳ್ಳಿ ಕೆತ್ತು ಎಂದರು ದೊರೆ. ಯೋನಪ್ಪ ದ್ರಾಕ್ಷಿಯನ್ನು ಕಂಡವನೇ ಅಲ್ಲ. "ಆಗ್ಲಿ ರೀ" ಎಂದು ತಲೆಯಾಡಿಸಿ ಹೋಗಿ, ಹಿತ್ತಲಿನ ಹಾಗಲಬಳ್ಳಿ ನೋಡಿ ಎಲೆ ಕೆತ್ತಿದ, ಹಣ್ಣಿನ ಜಾಗದಲ್ಲಿ ಬಾರೀಹಣ್ಣಿನ, ಅದೇ ಎಲಚಿಹಣ್ಣಿನ, ಗೊಂಚಲು ತೂಗುಬಿಟ್ಟ. ದೊರೆ ಬಗ್ಗಿ ನೋಡಿ, ಕೂಲಿ ಎಣಿಸಿ ಕೊಟ್ಟರು. ಇವತ್ತಿಗೂ ಹೊಸಬರು ಬಂದರೆ "ಎಂಥಾ ದ್ರಾಕ್ಷಿ!" ಎನ್ನುತ್ತಾರೆ.

ದೊರೆ ಹೋದ ಮೇಲೆ ನಮ್ಮವರೇ ಬಂದರು. ನಮ್ಮ ಕಡೆ ಸಭಾಪಾಲಕರಿಗೆ ಅಯ್ಯನವರು ಎನ್ನುವುದು, ಅವರ ಹೆಂಡತಿಗೆ ಅಮ್ಮನವರು. ಹನ್ನೊಂದು ಮಂದಿ ಅಯ್ಯನವರನ್ನು ಕಂಡೆ. ಕೆಳಗಿನಿಂದ ನೋಡುವ ನನಗೆ ಅವರ ಮುಖಕ್ಕಿಂತ ಗದ್ದವೇ ಹೆಚ್ಚು ಪರಿಚಯ. ಒಬ್ಬರು ಪಾಪದ ಮಾತು ಬಂದಾಗಲೆಲ್ಲ ನನ್ನ ತಲೆಗೆ ಗುದ್ದುತ್ತಿದ್ದರು. ಪಾಪ ಮಾಡಿದವರು ಬೆಂಚಿನ ಮೇಲೆ, ಏಟು ನನಗೆ! ಇನ್ನೊಬ್ಬರ ಪ್ರಸಂಗ ಎಷ್ಟು ಉದ್ದವೆಂದರೆ ಹೆಂಗಸರು ಎದ್ದು ಹೋಗಿ, ರೊಟ್ಟಿ ಬಡಿದಿಟ್ಟು, ವಾಪಸು ಬಂದು ಕೂರುತ್ತಿದ್ದರು. ಮತ್ತೊಬ್ಬರು ಗಿಡ್ಡ, ಆದರೂ ಅವರ ಬಾಯಿ ನನ್ನ ಮೇಲಿಂದ ಕಾಣುತ್ತಿತ್ತು. ಶದ್ರಕಪ್ಪನಿಗೆ ಅಷ್ಟು ಕಂಡರೆ ಸಾಕಿತ್ತು.

ಶದ್ರಕಪ್ಪ ಎಂದರೆ ಯೋನಪ್ಪನ ಮೊಮ್ಮಗ. ಅವನೂ ಬಡಿಗನೇ, ಈಗ ಸಭೆಯ ಕಾರುಬಾರು ನೋಡುವ ಹಿರಿಯರಲ್ಲಿ ಒಬ್ಬ. ನನ್ನೆದುರು ದೀಕ್ಷಾಸ್ನಾನವಾದವನು, ಅದಕ್ಕೇ ಏಕವಚನ. ಪ್ರತಿ ಶನಿವಾರ ಅಗಸೆ ಎಣ್ಣೆ ಹಚ್ಚಿ ನನ್ನನ್ನು ಒರೆಸುತ್ತಾನೆ. ಅವನದೊಂದು ಗುಟ್ಟು ನನಗೆ ಗೊತ್ತಿತ್ತು. ಮೆಷಿನ್ ಗರಗಸದ ಸದ್ದಿನಲ್ಲಿ ದುಡಿದು ದುಡಿದು ಅವನ ಕಿವಿ ಹೋಗಿ ಹತ್ತು ವರ್ಷವಾಗಿತ್ತು. ಮುಂದಿನ ಬೆಂಚಿನಲ್ಲಿ ಕೂತು ಅಯ್ಯನವರ ತುಟಿಯನ್ನೇ ನೋಡುತ್ತಿದ್ದ, ತುಟಿಯಿಂದಲೇ ಪ್ರಸಂಗ ತಿಳಿದುಕೊಳ್ಳುತ್ತಿದ್ದ. ಯಾರಿಗೂ ಹೇಳಿರಲಿಲ್ಲ, ಹಟಮಾರಿ.

ಹಿಂದಿನ ಅಯ್ಯನವರು ನಿವೃತ್ತರಾದರು. ಹೊಸಬರ ಸುದ್ದಿ ಫೋನಿನಲ್ಲಿ ಬಂತು. ಫೋನು ಎತ್ತಿದವನು ಯಾರು? ನಮ್ಮ ಶದ್ರಕಪ್ಪನೇ! ಫೋನು ಕಿವಿಗೊತ್ತಿ ಸಿಕ್ಕ ಒಂದೆರಡು ಶಬ್ದ ಹಿಡಿದು, "ಹೂಂ ರೀ, ಹೂಂ ರೀ" ಎಂದು ಇಟ್ಟುಬಿಟ್ಟು, ಭಾನುವಾರ ನನ್ನ ಪಕ್ಕ ನಿಂತು ಸಾರಿದ: "ಹಂಚಿನಾಳ ಅಯ್ಯನವರು ಬರ್ತಾರಂತ. ಅಮ್ಮನವರೂ ಕೂಡೇ ಬರ್ತಾರ."

ಗಂಡ ಹೆಂಡತಿ ಬಂದರು. ಶದ್ರಕಪ್ಪ ಚೆಂಡುಹೂವಿನ ಮಾಲೆಯನ್ನು ಗಂಡಸಿನ ಕೊರಳಿಗೆ ಹಾಕಿ ಕೈ ಮುಗಿದ. ಗಾಯನ ಮಂಡಳಿ ಸ್ವಾಗತದ ಹಾಡು ಶುರು ಮಾಡಿಯೇಬಿಟ್ಟಿತು. ಮಾಲೆ ಹಾಕಿಸಿಕೊಂಡವರು ಶಾಲೆಯ ಶಿಕ್ಷಕರು, ಜಯಶೀಲ ಮಾಸ್ತರ. ಹಾಡು ಮುಗಿಯುವ ತನಕ ಕಾದು, ಮಾಲೆ ತೆಗೆದು ಹೆಂಡತಿಯ ಕೊರಳಿಗೆ ಹಾಕಿದರು.

"ತಪ್ಪ ತಿಳೀಬ್ಯಾಡ್ರಿ," ಎಂದರು. "ಅಯ್ಯನವರು ಇವರು, ವತ್ಸಲಾ ಹಂಚಿನಾಳ. ನಾ ಅಮ್ಮನವರು."

ಹೆಂಗಸರ ಸಾಲಿನಲ್ಲಿ ನಗು ಶುರುವಾಗಿ ಗಂಡಸರ ಸಾಲಿಗೂ ಹಬ್ಬಿತು. "ಲೈನ್ ಸರಿ ಇರ್ಲಿಲ್ಲ" ಎಂದು ಶದ್ರಕಪ್ಪ ಗೊಣಗಿದ. ಹೊಸಬರನ್ನು ಏನೆಂದು ಕರೆಯುವುದು ಎಂಬ ಚರ್ಚೆ ವಾರವಿಡೀ ನಡೆಯಿತು. ಕೊನೆಗೆ ಶದ್ರಕಪ್ಪನ ತಂಗಿ ರೂತವ್ವ, "ಅಯ್ಯಮ್ಮನವರು ಅನ್ರಿ, ಮುಗೀತು. ಅದರಾಗೇನೈತಿ?" ಎಂದು ತೀರ್ಮಾನಿಸಿದಳು. ಅದೇ ನಿಂತಿತು.

ಹೆಸರಿನದು ಬಗೆಹರಿಯಿತು, ಎತ್ತರದ್ದು ಬಗೆಹರಿಯಲಿಲ್ಲ. ಮೊದಲ ಭಾನುವಾರ ಅಯ್ಯಮ್ಮನವರು ನನ್ನ ಹಿಂದೆ ಬಂದು ನಿಂತರು. ಸಭೆಗೆ ಕಂಡದ್ದು ಅವರ ಹಣೆ ಮತ್ತು ಬೈತಲೆ, ಅಷ್ಟೇ. ಮಾತು ಮಾತ್ರ ಒಳಗಿನಿಂದ ಬರುತ್ತಿತ್ತು. ಪೀಠವೇ ಪ್ರಸಂಗ ಮಾಡುತ್ತಿದೆಯೋ ಎಂಬಂತಿತ್ತು, ನನಗೇ ನಾಚಿಕೆಯಾಯಿತು. ಎರಡನೆಯ ಭಾನುವಾರ ಸ್ಟೂಲು ತಂದಿಟ್ಟರು. ಹಳೆಯ ಹಾಸುಗಲ್ಲಿನ ಮೇಲೆ ಸ್ಟೂಲು ಡುಗುಡುಗು ಎಂದಿತು. ಪ್ರಾರ್ಥನೆಯ ನಡುವೆ ವಾಲಿದ ಅಯ್ಯಮ್ಮನವರು ನನ್ನನ್ನು ತಬ್ಬಿ ಹಿಡಿದುಕೊಂಡರು, ಸತ್ಯವೇದ ದೊಪ್ಪನೆ ಕೆಳಗೆ ಬಿತ್ತು. ಆರಾಧನೆ ಮುಗಿದ ಮೇಲೆ ಸ್ಟೂಲನ್ನು ತಾವೇ ಎತ್ತಿ ಹೊರಗಿಟ್ಟು, "ನನ್ನ ಕಾಲ ಮ್ಯಾಲ ನಾ ನಿಂತು ಮಾತಾಡ್ತೀನ್ರಿ" ಎಂದರು.

ಮೂರನೆಯ ವಾರದಿಂದ ಅವರು ಬೆಂಚುಗಳ ನಡುವೆ ಓಡಾಡುತ್ತ ಪ್ರಸಂಗ ಮಾಡತೊಡಗಿದರು. ಹೆಂಗಸರಿಗೆ ಖುಷಿಯೋ ಖುಷಿ. ಮುಂದೆ ಕೂತ ಹಿರಿಯರಿಗೆ ಮಾತ್ರ ಕಂಡದ್ದು ಅವರ ಬೆನ್ನು. ಮೂರು ತಿಂಗಳು ನಾನು ಬರಿದಾಗಿ ನಿಂತೆ. ಎಂಥ ಅವಮಾನ! ಸಿಟ್ಟು ಬಂತು. ಯಾರ ಮೇಲೆ ಎಂದು ಯೋಚಿಸಿದರೆ ನನ್ನ ಮೇಲೆಯೇ. ಅವರ ಮಾತು ಬಲು ಛಲೋ ಇತ್ತು, ಗುದ್ದುತ್ತಿರಲಿಲ್ಲ, ಎಳೆಯುತ್ತಿರಲಿಲ್ಲ. ಆದರೆ ಹಿರಿಯರು ಗುಸುಗುಸು ಶುರು ಮಾಡಿದ್ದರು. "ಪೀಠ ಮುಟ್ಟದವರು ಎಂಥಾ ಅಯ್ಯನವರು? ಬ್ಯಾರೆಯವರನ್ನ ಕಳಸ್ರಿ ಅಂತ ಬಿಷಪ್ಪರಿಗೆ ಬರಿಯೂಣು." ಎಲ್ಲರಿಗಿಂತ ಜೋರಾಗಿ ಅಂದವನು ಶದ್ರಕಪ್ಪ. ಪೀಠ ತಗ್ಗಿಸೋಣವೇ ಎಂದು ಯಾರೋ ಕೇಳಿದ್ದಕ್ಕೆ, "ನಮ್ಮಜ್ಜ ಮಾಡಿದ್ದಕ್ಕ ಗರಗಸ ಹಚ್ಚಂಗಿಲ್ಲ!" ಎಂದು ಗದರಿದ್ದ. ನನ್ನ ಎತ್ತರವೇ ಆ ತಾಯಿಗೆ ಮುಳುವಾಗಿತ್ತು.

ಪತ್ರಕ್ಕೆ ಸಹಿ ಮಾಡುವ ಭಾನುವಾರಕ್ಕೆ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಶದ್ರಕಪ್ಪ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು ಎಣ್ಣೆ ಹಚ್ಚುತ್ತಿದ್ದ. ಅಯ್ಯಮ್ಮನವರು ಒಳಗೆ ಬಂದು ನನ್ನ ಹಿಂದೆ ನಿಂತರು.

"ಹಿರಿಯರ, ನನ್ನ ಮ್ಯಾಲ ಸಿಟ್ಟೇನ್ರಿ?"

ಶದ್ರಕಪ್ಪ ಬಟ್ಟೆಯನ್ನು ಎಣ್ಣೆಯಲ್ಲಿ ಅದ್ದಿದ. ಇನ್ನೂ ಜೋರಾಗಿ ಕೇಳಿದರು. ಶದ್ರಕಪ್ಪ ಹಾಗಲದ ಎಲೆ ಒರೆಸುತ್ತಲೇ ಇದ್ದ. ಅವರು ಸುತ್ತಿ ಬಂದು ಅವನೆದುರು ಕೂತರು. ಅವನು ಬೆಚ್ಚಿಬಿದ್ದ.

"ಯಾವಾಗ ಬಂದ್ರಿ?"

ಅವನ ಕಣ್ಣು ತಮ್ಮ ತುಟಿಯ ಮೇಲೆಯೇ ನೆಟ್ಟಿದ್ದು ಅಯ್ಯಮ್ಮನವರಿಗೆ ಕಂಡಿತು. ಆಮೇಲೆ ತುಟಿ ಅಲ್ಲಾಡಿಸಿದರು. ಅಷ್ಟು ಹತ್ತಿರವಿದ್ದ ನನಗೇ ಏನೂ ಕೇಳಿಸಲಿಲ್ಲ. ಶದ್ರಕಪ್ಪ ಮಾತ್ರ ಥಟ್ಟನೆ ಉತ್ತರ ಕೊಟ್ಟ: "ಹೋದ ವಾರದ ಪ್ರಸಂಗಾನ? ಛಲೋ ಇತ್ತಲ್ರಿ."

"ನಾ ದನೀನ ತಗೀಲಿಲ್ರಿ ಹಿರಿಯರ," ಎಂದರು ಅಯ್ಯಮ್ಮನವರು ಮೆಲ್ಲಗೆ.

ಅವನ ಕೈಯ ಬಟ್ಟೆ ನೆಲಕ್ಕೆ ಬಿತ್ತು. ಮುಖ ಕೆಂಪಾಯಿತು, ಆಮೇಲೆ ಕಣ್ಣು ತುಂಬಿತು. "ಯಾರಿಗೂ ಹೇಳಬ್ಯಾಡ್ರಿ. ಕೆಪ್ಪನ್ನ ಯಾರು ಹಿರಿಯಾ ಅಂತಾರ? ಮೂರು ತಿಂಗಳಾತ್ರಿ, ಒಂದು ಪ್ರಸಂಗಾನೂ ದಕ್ಕಿಲ್ಲ ನನಗ. ಹಣಿ ನೋಡಿ, ಬೆನ್ನು ನೋಡಿ ಏನ್ ತಿಳೀಬೇಕು ನಾನು?"

"ನಾಳಿಂದ ನಿಮ್ಮ ಬೆಂಚಿನ ಮುಂದ ನಿಂತು ಮಾತಾಡ್ತೀನಿ. ಯಾರಿಗೂ ಹೇಳಂಗಿಲ್ಲ."

"ಹಿಂದಿನ ಮಂದಿಗೆ ನೀವು ಕಾಣಂಗಿಲ್ಲ. ನನ್ನೊಬ್ಬನ ಸಲುವಾಗಿ ಸಭಿ ಬಿಡಬ್ಯಾಡ್ರಿ," ಎಂದ ಶದ್ರಕಪ್ಪ. ಅವರು ಹೋದ ಮೇಲೆ ಬಟ್ಟೆ ಅಲ್ಲೇ ಬಿಟ್ಟು ಎದ್ದು ಹೋದ. ಎಣ್ಣೆ ಹಚ್ಚುವುದು ಅರ್ಧಕ್ಕೇ ನಿಂತಿತ್ತು.

ಮರುದಿನ ಆರಾಧನೆ ಮುಗಿಯಿತು. ಅಯ್ಯಮ್ಮನವರು ಹೊರಗೆ ಹೋದರು. ಹಿರಿಯರು ಪತ್ರವನ್ನು ನನ್ನ ಮೇಲೆಯೇ ಹರಡಿದರು! ಒಬ್ಬೊಬ್ಬರೇ ಸಹಿ ಹಾಕಿ ಪೆನ್ನು ಮುಂದಿನವರಿಗೆ ಕೊಟ್ಟರು. ಶದ್ರಕಪ್ಪನ ಸರದಿ ಬಂತು. ಅವನು ಪೆನ್ನು ಹಿಡಿದು ನಿಂತ. ನನ್ನ ಒಂದೊಂದು ಕೂಡುಗೆಯೂ ಬಿಗಿಯಿತು. ಅವನು ಪೆನ್ನು ಕೆಳಗಿಟ್ಟ.

"ನನಗ ಕಿವಿ ಕೇಳಸಂಗಿಲ್ಲ," ಎಂದ. ಕೇಳಿಸದವನ ದನಿ, ದೇವಾಲಯವೆಲ್ಲ ಮೊಳಗಿತು.

"ಅದು ಊರಿಗೆಲ್ಲಾ ಗೊತ್ತೈತಿ, ಮುಂದ ಹೇಳು!" ಎಂದಳು ಬಾಗಿಲಲ್ಲಿದ್ದ ರೂತವ್ವ.

ಶದ್ರಕಪ್ಪ ಕಕ್ಕಾಬಿಕ್ಕಿಯಾಗಿ ತಂಗಿಯನ್ನು ನೋಡಿದ, ಆಮೇಲೆ ಹಿರಿಯರನ್ನು. ಒಬ್ಬರೂ ಮುಖ ತಿರುಗಿಸಲಿಲ್ಲ. ಅವನು ಉಸಿರು ಬಿಟ್ಟ. "ತಪ್ಪು ಅವರದಲ್ಲ, ಪೀಠದ್ದು. ನಮ್ಮಜ್ಜ ಒಬ್ಬರ ಅಳತಿಗೆ ಮಾಡಿದ್ದ. ನಾ ಇವರ ಅಳತಿಗೆ ಇಳಸ್ತೀನಿ. ಈ ಕಾಗದಾ ಹರೀರಿ." ಯಾರೂ ಮುಂದೆ ಬರದಿದ್ದಾಗ ತಾನೇ ಹರಿದ.

ಸೋಮವಾರ ಟೇಪು ಹಿಡಿದು ಅಯ್ಯಮ್ಮನವರ ಅಳತೆ ತೆಗೆದುಕೊಂಡ. ಕತ್ತರಿಸಬೇಕಾದದ್ದು ಒಂದು ಗೇಣು, ಮೇಲೆ ನಾಲ್ಕು ಬೆರಳು. ನನ್ನನ್ನು ಮಗುವಿನಂತೆ ಮೆಲ್ಲಗೆ ಮಲಗಿಸಿದರು. ಗರಗಸ ತಾಕಿದಾಗ ಹೆದರಿದೆ, ಸುಳ್ಳೇಕೆ? ಮೂರು ದಿನ ಉಳಿ ಹಿಡಿದು ಬುಡಕ್ಕೆ ಹೊಸ ಗಿಡ್ಡ ಕಾಲು ಕೂಡಿಸಿದ, ಒಂದೂ ಮೊಳೆ ಹೊಡೆಯಲಿಲ್ಲ. ಎದ್ದು ನಿಂತಾಗ ಲೋಕ ಬೇರೆಯಾಗಿತ್ತು. ಇಷ್ಟು ವರ್ಷ ನಾನು ಮಂದಿಯ ತಲೆ ನೋಡುತ್ತಿದ್ದೆ, ಈಗ ಕಣ್ಣು ನೋಡುತ್ತೇನೆ. ನನಗೆ ವಯಸ್ಸಾಯಿತು. ಇನ್ನೊಬ್ಬರು ಬಂದರೆ ಇನ್ನೊಮ್ಮೆ ಅಳೆಯಲಿ, ಏರಿಸಲಿ, ಇಳಿಸಲಿ, ನಾನು ತಯಾರು. ಎತ್ತರವಿದ್ದಾಗಲೂ ನನಗೆ ಇಷ್ಟು ಹೆಮ್ಮೆ ಇರಲಿಲ್ಲ.

ಆ ಭಾನುವಾರ ಅಯ್ಯಮ್ಮನವರು ಬಂದು ನಿಂತರು. ಹಣೆ, ಕಣ್ಣು, ಮೂಗು, ಬಾಯಿ, ಕೊರಳು, ಎಲ್ಲ ಕೊನೆಯ ಬೆಂಚಿನ ತನಕ ಕಂಡಿತು. ಪ್ರಸಂಗ ಶುರುವಾಗಿ ನಾಲ್ಕು ಮಾತು ಆಗಿತ್ತೋ ಇಲ್ಲವೋ, ಶದ್ರಕಪ್ಪ ಪಕ್ಕದವನ ಕಿವಿಗೆ ಬಾಗಿದ. ಪಿಸುಗುಡುತ್ತಿದ್ದೇನೆ ಎಂದುಕೊಂಡಿದ್ದ, ಪಾಪ.

"ಎಲ್ಲಾ ಕೇಳಸಾಕತ್ತೈತೋ!"

ದೇವಾಲಯ ನಡುಗಿತು. ಅಯ್ಯಮ್ಮನವರು ಮಾತು ನಿಲ್ಲಿಸಿ, ಅವನ ಕಡೆ ಪೂರ್ತಿ ತಿರುಗಿ, ಒಂದೊಂದೇ ಶಬ್ದ ಬಿಡಿಸಿ ಕೇಳಿದರು: "ಹಂಗಾದ್ರ ಮುಂದ ಹೋಗ್ಲೇನ್ರಿ, ಹಿರಿಯರ?"

ಶದ್ರಕಪ್ಪ ಎದ್ದು ನಿಂತು ಎರಡೂ ಕೈ ಮುಗಿದ. "ಹೋಗ್ರಿ ಅಯ್ಯನವರ, ಹೋಗ್ರಿ. ನಾವು ಹಿಂದ ಅದೀವಿ."