ಅಗಸಿಕಟ್ಟೆಯ ಸುತ್ತುದಾರಿ

ಊರ ಹೆಬ್ಬಾಗಿಲ ಬಳಿಯ ಅಗಸಿಕಟ್ಟೆಗೆ ಎಷ್ಟು ಹೆಸರು ಬಂದವೋ, ಎಷ್ಟು ಹೋದವೋ. ಗಾಂಧಿಚೌಕವಾಯಿತು, ಬಸ್‌ಸ್ಟ್ಯಾಂಡಾಯಿತು, ಈಗ ಬೋರ್ಡಿನ ಮೇಲೆ ಸರ್ಕಲ್ ಆಗಿದೆ. ಅಗಸಿಯ ಬಾಗಿಲು ಬಿದ್ದು, ಅದರ ಕಲ್ಲುಗಳು ಯಾರ್ಯಾರದೋ ಮನೆಯ ಮೆಟ್ಟಿಲಾದವು. ಕೊಟ್ಟೂರಿನ ಬಸ್ಸು ಬಂದು ನಿಲ್ಲತೊಡಗಿತು. ಪಂಚಾಯ್ತಿಯ ರೇಡಿಯೋ ಕೂಗಿ ಕೂಗಿ ಸುಮ್ಮನಾಯಿತು. ಬೇವಿನ ಮರ ಕಡಿದು ದೀಪದ ಕಂಬ ನಿಲ್ಲಿಸಿದರು. ಇಷ್ಟೆಲ್ಲ ಬದಲಾದರೂ ಮಂಜಮ್ಮನ ದಾರಿ ಮಾತ್ರ ಬದಲಾಗಲಿಲ್ಲ. ಸಂತೆಗೆ ಹೋಗಲಿ, ಆಸ್ಪತ್ರೆಗೆ ಹೋಗಲಿ, ಆಕೆ ಕಟ್ಟೆಯ ಮುಂದೆ ಹಾಯದೆ, ಗಾಣದ ಓಣಿ ಹಿಡಿದು, ತಿಪ್ಪೆಗಳ ಹಿಂದಿನಿಂದ ಸುತ್ತಿಯೇ ಹೋಗುತ್ತಿದ್ದಳು.

ಚಿಕ್ಕಂದಿನಲ್ಲಿ ಅವ್ವನ ಕೈ ಹಿಡಿದು ಬರುವಾಗ, ಕಟ್ಟೆ ಹತ್ತಿರವಾದೊಡನೆ ಅವ್ವ ಚಪ್ಪಲಿ ಕಳಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದಳು. ಅವರ ಕೇರಿಯವರು ಅಲ್ಲಿ ಚಪ್ಪಲಿ ಮೆಟ್ಟುವಂತಿರಲಿಲ್ಲ, ಕೂರುವ ಮಾತಂತೂ ದೂರ. ಒಮ್ಮೆ ಮಂಜಮ್ಮ ಬಿಸಿಲಿಗೆ ಸೋತು ಕಟ್ಟೆಯ ಅಂಚಿಗೆ ಕೂತುಬಿಟ್ಟಳು. ಮೇಲಿದ್ದವರು ಬೈದದ್ದು ಅವ್ವನನ್ನು; ಅವ್ವ ಹೊಡೆದದ್ದು ಮಗಳನ್ನು. ಅಂದಿನಿಂದ ಸುತ್ತುದಾರಿ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಊರವರು ನಗುತ್ತಾರೆ. ಇದೇನು ಹುಟ್ಟುಗುಣವೇ? ಹೊಡೆದು ಕಲಿಸಿದ ಗುಣ. ಅದು ಇನ್ನೂ ಗಟ್ಟಿ.

ಮಗಳು ಪ್ರಿಯಾ ಅದೇ ಊರಿನ ಶಾಲೆಯಲ್ಲಿ ಟೀಚರು. ಕಟ್ಟೆಗೆ ಹೊಸದಾಗಿ ಗ್ರಾನೈಟ್ ಹಾಸಿದ್ದರು. ಉದ್ಘಾಟನೆಯ ದಿನ ಅದರ ಇತಿಹಾಸ ಹೇಳುವ ಕೆಲಸ ಅವಳ ಪಾಲಿಗೆ ಬಂದಿತ್ತು. ತಾನು ಮಾತಾಡುವಾಗ ಅವ್ವ ಆ ಕಟ್ಟೆಯ ಮೇಲೆ ಕೂತಿರಲೇಬೇಕು ಎಂದು ಅವಳ ಹಟ.

"ನಡಿಯವ್ವ. ಈಗ ಯಾರು ಏನಂತಾರ?"

"ಯಾರೂ ಏನೂ ಅನ್ನಂಗಿಲ್ಲ. ನನ್ನ ಕಾಲೇ ಒಲ್ಲೆ ಅಂತಾವ."

"ನೀ ಕುಂದರಲಿಲ್ಲಂದ್ರ ನಾ ಅಲ್ಲಿ ನಿಂತು ಏನ್ ಇತಿಹಾಸ ಹೇಳ್ಲಿ? ಕಲ್ಲಿಂದಾ?"

ಮಗಳ ದನಿ ಒಡೆದದ್ದು ಕೇಳಿ ಮಂಜಮ್ಮ ಎದ್ದಳು. ವಾದ ಮಾಡುವಷ್ಟು ಕಸುವೂ ಆಕೆಯಲ್ಲಿ ಉಳಿದಿರಲಿಲ್ಲ.

ಉದ್ಘಾಟನೆಯ ದಿನ, ಜನ ಸೇರುವ ಮೊದಲೇ ಹೋಗಿ ಕೂತುಬಿಡಲಿ ಎಂದು ಬೆಳಗ್ಗೆಯೇ ಹೊರಟರು. ಗಾಣದ ಓಣಿಯ ತಿರುವಿನಲ್ಲಿ ಕಾಲು ತಾನಾಗಿ ಎಡಕ್ಕೆ ಎಳೆಯಿತು. ಪ್ರಿಯಾ ರಟ್ಟೆ ಹಿಡಿದು ನೇರ ನಡೆಸಿದಳು. ಕಟ್ಟೆಯ ಬಳಿ ಬಂದು ಚಪ್ಪಲಿ ಬಿಡಲು ಬಾಗಿದ ಅವ್ವನನ್ನು ಅವಳು ಹಾಗೇ ಎತ್ತಿ ಕೂರಿಸಿದಳು.

ಏನೂ ಆಗಲಿಲ್ಲ. ಕಲ್ಲು ತಣ್ಣಗಿತ್ತು, ಅಷ್ಟೆ. ಇಷ್ಟಕ್ಕೇ ಜೀವಮಾನವಿಡೀ ತಿಪ್ಪೆ ಸುತ್ತಿದೆನಲ್ಲ ಎಂದು ಸಿಟ್ಟು ಬರಬೇಕಿತ್ತು. ಬಂದದ್ದು ಬರೀ ದಣಿವು. ಅಷ್ಟೂ ವರ್ಷ ನಡೆದ ದಾರಿಯೆಲ್ಲ ಒಮ್ಮೆಲೇ ಮೊಣಕಾಲಿಗೆ ಬಂದು ಸೇರಿದಂತಾಯಿತು.

ಆಗ ಗುರುಸಂಗಪ್ಪ ಕೋಲೂರುತ್ತ ಬಂದರು. ಆ ಕಾಲದಲ್ಲಿ ಈ ಕಟ್ಟೆಯ ಮೇಲೆ ಕೂತು ನ್ಯಾಯ ಹೇಳುತ್ತಿದ್ದವರ ಮಗ. ಮಂಜಮ್ಮನನ್ನು ಹಿಂದೆ 'ಮಂಜೀ' ಎಂದು ಕರೆಯುತ್ತಿದ್ದವರು, ಪ್ರಿಯಾ ಟೀಚರಾದ ಮೇಲೆ 'ಮಂಜಮ್ಮ' ಎನ್ನತೊಡಗಿದ್ದರು. ಕೆಟ್ಟವರೇನಲ್ಲ. ಆಕೆಯನ್ನು ನೋಡಿ ನಕ್ಕು, ಅಂಗೈ ಎತ್ತಿ ಅಂದರು:

"ಕುಂದ್ರು ಕುಂದ್ರು ಮಂಜಮ್ಮ, ಏಳಬ್ಯಾಡ. ಈಗ ಯಾರು ಬೇಕಾದ್ರೂ ಕುಂದರಬೌದು."

ಮಂಜಮ್ಮನ ಸೊಂಟ ಅರ್ಧ ಎದ್ದೇಬಿಟ್ಟಿತ್ತು. ತಾನಾಗಿ ಎದ್ದ ತನ್ನ ಮೈಯ ಬಗ್ಗೆ ಆಕೆಗೆ ನಾಚಿಕೆಯಾಯಿತು. ಎರಡೂ ಅಂಗೈ ಕಲ್ಲಿಗೆ ಊರಿ, ಬಲವಾಗಿ ಕೂತಳು.

"ನಾ ಕುಂತೇ ಅದೀನ್ರಿ ಸಾವ್ಕಾರ್ರ. ಈ ಕಡಿ ಜಾಗ ಐತಿ. ನೀವೂ ಬರ್ರಿ, ಕುಂದರ್ರಿ."

ಗುರುಸಂಗಪ್ಪನವರ ನಗು ಹಾಗೇ ನಿಂತಿತು. ಆಕೆಯ ಪಕ್ಕದ ಖಾಲಿ ಕಲ್ಲನ್ನು ನೋಡಿದರು, ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.

"ಇಲ್ಲ ಬಿಡವ್ವ... ನನಗೊಂಚೂರು ಕೆಲಸ ಐತಿ" ಎಂದು ತಿರುಗಿದರು.

ಬೆಳಗಾದರೆ ಕಟ್ಟೆ ಕಾಯುವುದು ಬಿಟ್ಟು ಆ ಮುದುಕನಿಗೆ ಬೇರೆ ಕೆಲಸವಿಲ್ಲವೆಂಬುದು ಊರಿಗೇ ಗೊತ್ತು. ಪ್ರಿಯಾಳ ಮುಖ ಕೆಂಪಾಯಿತು. "ನೋಡ್ದೇನವ್ವ? ನೋಡ್ದೇನು?" ಎಂದು ಹಲ್ಲು ಕಚ್ಚಿದಳು.

ಗುರುಸಂಗಪ್ಪ ಹೋದ ದಿಕ್ಕನ್ನು ಮಂಜಮ್ಮ ನೋಡಿದಳು.

"ಹೋಗ್ಲಿ ಬಿಡವ್ವ. ಕಾಲು ಚಾಚಾಕ ಜಾಗ ಆತು" ಎಂದು, ಚಪ್ಪಲಿ ಮೆಟ್ಟಿದ್ದ ಎರಡೂ ಕಾಲನ್ನು ಎತ್ತಿ ಕಟ್ಟೆಯ ಮೇಲೆ ನೀಡಿದಳು.