ಖಾಲಿ ಕೊಟ್ಟಿಗೆಯ ಮೊಳೆ

ನೊಣವಿನಕೆರೆ ಕಡೆಯ ಸಣ್ಣತಿಮ್ಮಯ್ಯ ತೆಂಗಿನಕಾಯಿ ತುಂಬಲೆಂದು ಹಳೇ ಕೊಟ್ಟಿಗೆ ಚೊಕ್ಕ ಮಾಡುತ್ತಿದ್ದಾಗ ಮೊಳೆಯೊಂದು ಚಪ್ಪಲಿ ತೂರಿ ಅಂಗಾಲಿಗೆ ಇಳಿಯಿತು. ರಕ್ತ ಹೆಚ್ಚು ಬರಲಿಲ್ಲ. ಅರಿಶಿನ ಮೆತ್ತಿ, ಬಟ್ಟೆ ಸುತ್ತಿ ಮತ್ತೆ ಕೆಲಸಕ್ಕೆ ನಿಂತ.

ಪಕ್ಕದ ಮನೆಯ ಸೊಸೆ ರಾಧಾಮಣಿ ಆಶಾ ಕಾರ್ಯಕರ್ತೆ. ಸುದ್ದಿ ಕೇಳಿ ಬಂದವಳು ಸೋಪು ಹಚ್ಚಿ ಗಾಯ ತೊಳೆಸಿದಳು. ಇವತ್ತೇ ಆಸ್ಪತ್ರೆಗೆ ಹೋಗಿ ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಳ್ಳಬೇಕೆಂದಳು. ಮೊಳೆಗೆ ತುಕ್ಕೇ ಹಿಡಿದಿರಲಿಲ್ಲ ಎಂದ ಸಣ್ಣತಿಮ್ಮಯ್ಯ. ಭಯ ತುಕ್ಕಿನದಲ್ಲ, ಮಣ್ಣಿನದು ಎಂದಳು ಅವಳು.

"ಅಲ್ಲಿ ದನ ಕಟ್ಟಿ ಆರು ವರ್ಸ ಆಯ್ತು ಕಣವ್ವ. ಒಣಗಿದ ಮಣ್ಣಲ್ಲಿ ಯಾವ ಕ್ರಿಮಿ ಬದುಕಿರ್ತದೆ, ಬುಡು."

"ಅದು ಬದುಕೋ ರೀತಿನೇ ಬೇರೆ, ಮಾವ. ನೀರು, ಊಟ ಸಿಗದಿದ್ರೆ ಸುತ್ತ ಗಟ್ಟಿ ಚಿಪ್ಪು ಕಟ್ಕೊಂಡು ವರ್ಷಗಟ್ಟಲೆ ಮಲಗಿಬುಡ್ತದೆ. ಬಿಸಿಲಿಗೆ ಸಾಯಲ್ಲ. ಕುದಿಯೋ ನೀರಿಗೂ ಸುಲಭಕ್ಕೆ ಸಾಯಲ್ಲ. ಗಾಳಿಯಾಡದ ಆಳದ ಗಾಯ ಸಿಕ್ಕಿದ್ರೆ ಎದ್ದು ವಿಷ ಬಿಡ್ತದೆ. ಮೊದಲು ದವಡೆನೇ ಕಚ್ಕೊಳ್ಳೋದು."

ನಾಳೆ ನೋಡೋಣ ಎಂದು ಅವನು ಮೂರು ದಿನ ತಳ್ಳಿದ. ನಾಲ್ಕನೆಯ ದಿನ ಬೆಳಿಗ್ಗೆ ಮುದ್ದೆ ಮುರಿದು ಬಾಯಿಗಿಡಲು ಹೋದರೆ ದವಡೆ ತೆರೆಯಲಿಲ್ಲ. ಸಾರು ಬಡಿಸುತ್ತಿದ್ದ ಹೆಂಡತಿ ಚಿಕ್ಕಗೌರಮ್ಮನ ಕೈ ಅಲ್ಲೇ ನಿಂತಿತು. ಇಬ್ಬರಿಗೂ ರಾಧಾಮಣಿಯ ಮಾತೇ ನೆನಪಾಯಿತು.

ಆಸ್ಪತ್ರೆಗೆಂದು ಸಿಕ್ಕ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಅವನು ದವಡೆ ಒತ್ತಿ ಒತ್ತಿ ನೋಡಿಕೊಂಡ. ಡಾಕ್ಟರಮ್ಮ ಕುತ್ತಿಗೆ, ಹೊಟ್ಟೆ ಮುಟ್ಟಿ ನೋಡಿ, ತೆರೆದಷ್ಟೇ ಬಾಯಿಗೆ ಬ್ಯಾಟರಿ ಬೆಳಕು ಬಿಟ್ಟು ಪರೀಕ್ಷಿಸಿದರು.

"ಧನುರ್ವಾಯು ಅಲ್ಲ ಕಣ್ರೀ. ಹಿಂದಿನ ಹಲ್ಲಿನ ಬುಡ ಕೀವಾಗಿ ಊದಿದೆ."

ಚಿಕ್ಕಗೌರಮ್ಮ ಗೋಡೆಗೊರಗಿ ಕುಳಿತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಹಲ್ಲುನೋವು ಬಂದದ್ದಕ್ಕೆ ದೇವರಿಗೆ ಕೈಮುಗಿದವನು ಊರಲ್ಲಿ ಸಣ್ಣತಿಮ್ಮಯ್ಯನೊಬ್ಬನೇ ಇರಬೇಕು. ಆದರೆ ಡಾಕ್ಟರಮ್ಮ ಅಷ್ಟಕ್ಕೇ ಬಿಡಲಿಲ್ಲ. ಅಂಗಾಲಿನ ಅಪಾಯ ಇನ್ನೂ ಕಳೆದಿಲ್ಲವೆಂದು ಗಾಯ ಬಿಡಿಸಿ ತೊಳೆದು, ಧನುರ್ವಾಯು ಬಾರದಂತೆ ಎರಡು ಚುಚ್ಚುಮದ್ದು ಹಾಕಿ, ಹಲ್ಲಿಗೆ ಔಷಧಿ ಕೊಟ್ಟರು. ಉಳಿದ ಚುಚ್ಚುಮದ್ದಿನ ತಾರೀಖುಗಳನ್ನೂ ಬರೆದುಕೊಟ್ಟರು. ಅವನು ಒಂದನ್ನೂ ತಪ್ಪಿಸಲಿಲ್ಲ. ಕೊನೆಯದಕ್ಕೆ ಹೋದಾಗ ಹೆಂಡತಿಯನ್ನೂ ಕರೆದೊಯ್ದು ಅವಳಿಗೂ ಹಾಕಿಸಿದ.

ಮಣ್ಣು, ಗೊಬ್ಬರ, ಕತ್ತಿ ಬಿಟ್ಟು ನಮಗೆ ಬದುಕಿಲ್ಲ. ಗಾಯ ಚಿಕ್ಕದೆಂದು ಬಿಡಬೇಡಿ. ಸೋಪು ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ದವಡೆ ಬಿಗಿದರಂತೂ ಒಂದು ಗಳಿಗೆಯೂ ಕಾಯಬೇಡಿ. ಅಂದಹಾಗೆ, ನೀವು ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡದ್ದು ಯಾವಾಗ? ನೆನಪಿಲ್ಲದಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಇವತ್ತೇ ಮಾತಾಡಿಸಿ.